ತಟ್ಟೆ, ಮುಚ್ಚಳ ಮತ್ತು ನಿನ್ನಮ್ಮನ ಕೈ

ತಾರೀಖು ಹದಿನೇಳು, ಭಾನುವಾರ
ಬೆಳಗಿನ ಹತ್ತು ಗಂಟೆ, ಮನೆಯಲ್ಲಿ ನನ್ನ ಪಾಲಿಗೆ ಉಳಿದಿರುವ ಒಂದೇ ಕುರ್ಚಿಯಿಂದ

ಪ್ರೀತಿಯ ಪುಟ್ಟಿಗೆ,

ಅಪ್ಪನ ಒದ್ದೆ ಕೈಯ ಆಶೀರ್ವಾದ. ಕಾಗದದ ಮೂಲೆ ಎಲ್ಲಾದರೂ ನೆನೆದಿದ್ದರೆ ಕಣ್ಣೀರೆಂದು ಗಾಬರಿಯಾಗಬೇಡ. ಅದು ತೊಟ್ಟಿಯ ನೀರು. ಮೂರು ತಿಂಗಳಿಂದ ಒಂದಕ್ಷರ ಬರೆಯದವನು ಕ್ಷಮೆ ಕೇಳಿಯೇ ಮುಂದುವರಿಯಬೇಕು. ತಡವಾಗಿ ತರಗತಿಗೆ ಬಂದವರು ಹೇಳುತ್ತಿದ್ದ ನೆಪಗಳೆಲ್ಲ ನನಗೆ ಇನ್ನೂ ಬಾಯಿಪಾಠ. ಅವುಗಳಲ್ಲಿ ನಾನು ಒಮ್ಮೆಯೂ ನಂಬದಿದ್ದದ್ದು 'ಸಾರ್, ಮನೆಗೆ ನೀರು ನುಗ್ಗಿತ್ತು' ಎಂಬುದು. ಈಗ ಅದೇ ನನ್ನ ನೆಪ. ನಂಬುವುದು ಬಿಡುವುದು ನಿನಗೆ ಬಿಟ್ಟದ್ದು.

ಫೋನು ಇದೆಯಲ್ಲಪ್ಪ ಎನ್ನುತ್ತೀಯ. ಇದೆ. ಆದರೆ ಎಂಟು ತಿಂಗಳಿಂದ ಫೋನಿನಲ್ಲಿ ನಾವು ಮೂವರೂ ಹವಾಮಾನ ಇಲಾಖೆಯ ನೌಕರರಾಗಿಬಿಟ್ಟಿದ್ದೇವೆ. ಅಲ್ಲಿ ಬಿಸಿಲಾ, ಇಲ್ಲಿ ಮೋಡ, ಸರಿ ಇಡ್ತೀನಿ. ಮಗುವಿಗೆ ಒಂಬತ್ತು ದಿನವಾಗಿದ್ದಾಗ ನೀನು ಅದನ್ನು ಎತ್ತಿಕೊಂಡು ಹೊರಟೆ. ಬಾಗಿಲಲ್ಲಿ ನಿಂತು ನೀನು ಹೇಳಿದ ಮಾತು ನನ್ನ ಕಿವಿಯಲ್ಲಿದೆ: "ಇದು ಮನೆ ಅಲ್ಲಮ್ಮ, ಆಪರೇಷನ್ ಥಿಯೇಟರ್. ನನ್ನ ಗಂಡ ಮೂರು ಸಲ ಕೈ ತೊಳೆದು ಬಂದ್ರೂ ಅವನ ಮಗೂನ ಅವನ ಕೈಗೆ ಕೊಡಲ್ಲ ಅಂತೀಯಲ್ಲ! ಅವನೇನು ಕ್ರಿಮಿನಾ?" ನಾನು ಆಗಲೂ ಹಾಸ್ಯ ಮಾಡಲು ಹೋದೆ. ಅಳಿಯಂದಿರು ಕ್ರಿಮಿಯಲ್ಲ, ಸುಕ್ರಿಮಿ ಎಂದೆ. ಯಾರೂ ನಗಲಿಲ್ಲ. ಅಳಿಯಂದಿರು ಮಾತ್ರ ಪಾಪ, ಸೌಜನ್ಯಕ್ಕೆ ಹಲ್ಲು ಬಿಟ್ಟರು.

ಅಂದಿನಿಂದ ನಿನ್ನಮ್ಮ ಮೊಮ್ಮಗಳ ಮುಖ ನೋಡಿಲ್ಲ. ನೀನು ಬಾ ಎಂದು ಅವಳು ಕರೆಯುವುದಿಲ್ಲ. ಕರೆಯದೆ ನೀನು ಬರುವುದಿಲ್ಲ. ಇಬ್ಬರ ಮೂಗಿನ ಮೇಲೂ ಒಂದೇ ಅಚ್ಚಿನ ಸಿಟ್ಟು. ಯಾರದನ್ನು ಯಾರು ನಕಲು ಹೊಡೆದರೆಂದು ನಾನು ಹೇಳಬೇಕಾಗಿಲ್ಲ. ಈ ಕಾಗದದ ಉದ್ದೇಶ ನಿನ್ನನ್ನು ಇಲ್ಲಿಗೆ ಕರೆಸುವುದೇ. ಆದರೆ ಮೇಷ್ಟ್ರ ಚಾಳಿ, ಪೀಠಿಕೆ ಇಲ್ಲದೆ ಪಾಠ ಶುರುವಾಗುವುದಿಲ್ಲ. ಪೀಠಿಕೆ ಎಂಟಡಿ ಉದ್ದ, ನಾಲ್ಕಡಿ ಅಗಲ, ಎರಡಡಿ ಎತ್ತರವಿದೆ.

ನಿನ್ನಮ್ಮ ನಿವೃತ್ತಳಾದ ದಿನ ಆಸ್ಪತ್ರೆಯವರು ಶಾಲು, ಗಡಿಯಾರ ಕೊಟ್ಟರು. ನಿನ್ನ ಎಕ್ಸ್-ರೇ ಮಾವ ಮಾತ್ರ, "ಸಿಸ್ಟರ್, ಮೂವತ್ತೈದು ವರ್ಷ ಥಿಯೇಟರಲ್ಲಿ ಬರೀ ಸತ್ತ ಕ್ರಿಮಿ ನೋಡಿದ್ರಿ. ನಾನು ನಿಮಗೆ ಬದುಕಿರೋ ಪ್ರಾಣಿ ಕೊಡ್ತೀನಿ" ಎಂದ. ಜೀವಮಾನವೆಲ್ಲ ಎಕ್ಸ್-ರೇ ತೆಗೆದ ಮನುಷ್ಯ ಮನೆಯಲ್ಲಿ ಸಾಕುತ್ತಿದ್ದುದು ಸ್ಟಿಂಗ್ ರೇ ಮೀನುಗಳನ್ನು. ರೇ ಎಂಬುದು ಅವನನ್ನು ಆಸ್ಪತ್ರೆಯಲ್ಲೂ ಬಿಡಲಿಲ್ಲ, ಮನೆಯಲ್ಲೂ ಬಿಡಲಿಲ್ಲ. ಅವನು ಸಣ್ಣ ಮನೆಗೆ ಹೋಗುವವನಿದ್ದ, ತೊಟ್ಟಿಯನ್ನು ಬಿಚ್ಚಿ ಮಾರಬೇಕಿತ್ತು. ಉಳಿದ ಜೋಡಿಗೆ ದಿಕ್ಕಾಗಬೇಕಿತ್ತು. ನಾನು ಯೋಚಿಸಿ ಹೇಳೋಣ ಎಂದೆ. ನಿನ್ನಮ್ಮ ಮೀನ ಮೇಷ ಎಣಿಸಲೇ ಇಲ್ಲ. ಮೇಷ ಪಕ್ಕದಲ್ಲೇ ಪಿಳಿಪಿಳಿ ಕಣ್ಣು ಬಿಡುತ್ತ ಕೂತಿದ್ದ, ಅವಳು ಮೀನಕ್ಕೆ ಹೂಂ ಎಂದಳು.

ಈ ಮೀನನ್ನು ನೀನು ನೋಡಿಲ್ಲ. ಊಟದ ತಟ್ಟೆಗೆ ಬಾಲ ಬಂದರೆ ಹೇಗೋ ಹಾಗೆ. ಮೈಯೆಲ್ಲ ಕಂದು, ಮೇಲೆ ಕಾಸಿನಗಲ ಹಳದಿ ಚುಕ್ಕೆ. ಕಣ್ಣು ಬೆನ್ನ ಮೇಲೆ, ಬಾಯಿ ಹೊಟ್ಟೆಯ ಕೆಳಗೆ. ತಾನು ತಿನ್ನುವುದನ್ನು ತಾನೇ ನೋಡಲಾರದು. ಹಾಸ್ಟೆಲಿನಲ್ಲಿ ಊಟ ಮಾಡುವ ಹುಡುಗರಿಗೂ ಈ ವರ ಇದ್ದಿದ್ದರೆ ಚೆನ್ನಾಗಿತ್ತು. ಬಾಲದಲ್ಲಿ ವಿಷದ ಮುಳ್ಳು. ಹಾಗಾಗಿ ನಮ್ಮ ಮನೆಯಲ್ಲಿ ಯಾರಾದರೂ ಬಾಲ ಬಿಚ್ಚಿದರೆ ಈಗ ಅದು ಬರೀ ಮಾತಲ್ಲ. ದೊಡ್ಡದು ಹೆಣ್ಣು, ಅದರ ಹೆಸರು ತಟ್ಟೆ. ಚಿಕ್ಕದು ಗಂಡು, ಸದಾ ಅವಳ ಮೇಲೆ ಬಂದು ಮಲಗುತ್ತದೆ. ಅದರ ಹೆಸರು ಮುಚ್ಚಳ. ನಾಮಕರಣ ನನ್ನದೇ.

ತಳದಲ್ಲೇ ಬದುಕುವ ಮೀನಿಗೆ ಆಳ ಬೇಡ, ಅಗಲ ಬೇಕು. ಆ ಅಗಲಕ್ಕೆ ನಮ್ಮಲ್ಲಿ ಜಾಗವೆಂದರೆ ನಿನ್ನ ರೂಮು. ನಾನು ಹಾಗೆಂದದ್ದೇ ತಡ ನಿನ್ನಮ್ಮ, "ಆ ರೂಮಿನ ಸುದ್ದಿಗೆ ಬರಬೇಡಿ" ಎಂದು ಗದರಿದಳು. ಮಗುವಿನ ತೊಟ್ಟಿಲು ಅಲ್ಲಿ ನೀನು ಬಿಟ್ಟುಹೋದ ಹಾಗೇ ಇದೆ. ಪ್ರತಿ ಸೋಮವಾರ ಅದರ ಹಾಸು ಬದಲಾಗುತ್ತದೆ, ಯಾರೂ ಮಲಗದ ಹಾಸು. ಆದ್ದರಿಂದ ತೊಟ್ಟಿ ಬಂದು ಕೂತದ್ದು ಹಾಲಿನಲ್ಲಿ. ಸೋಫಾ ಬೀದಿಪಾಲಾಯಿತು, ನಾನು ಒಂಟಿ ಕುರ್ಚಿಯವನಾದೆ.

ಪೈಪಿನ ಕೆಲಸಕ್ಕೆ ಬಂದವನು ನನ್ನ ಹಳೆಯ ಶಿಷ್ಯ. ರಸಾಯನಶಾಸ್ತ್ರದಲ್ಲಿ ಮೂರು ಸಲ ಡುಮ್ಕಿ ಹೊಡೆದು ಈಗ ಈ ಬಡಾವಣೆಗೆಲ್ಲ ನೀರು ಕುಡಿಸುತ್ತಿರುವ ಪ್ಲಂಬರ್. ಅವನು ನೀರಿಗೆ ಹಾಕಿಕೊಟ್ಟ ದಾರಿ ನೋಡಿದರೆ ನಿನಗೂ ಮೆಚ್ಚುಗೆಯಾಗುತ್ತದೆ. ಮೇಲಿನ ತೊಟ್ಟಿಯ ಮೂಲೆಯಲ್ಲಿ ಒಂದು ಗಾಜಿನ ಗೂಡು. ನೀರು ಅದರ ಬಾಚಣಿಗೆ ಹಲ್ಲುಗಳಂಥ ಸಂದಿನಿಂದ ಉಕ್ಕಿ, ಪೈಪಿನಲ್ಲಿ ಕೆಳಗಿಳಿದು, ನೆಲದ ಮೇಲಿರುವ ಕೆಳತೊಟ್ಟಿಗೆ ಬೀಳುತ್ತದೆ. ಅಲ್ಲಿ ಮೊದಲು ಸ್ಪಂಜು, ಆಮೇಲೆ ಸಣ್ಣ ತೂತುಗಳಿರುವ ಪಿಂಗಾಣಿ ಉಂಗುರಗಳ ರಾಶಿ, ಕೊನೆಗೆ ಪಂಪು. ಪಂಪು ಅದನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ದಿನವಿಡೀ ಅದೇ ನೀರು, ಅದೇ ಸುತ್ತು. ಹಳೇ ನೋಟ್ಸಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದ ನನಗೆ ಈ ವ್ಯವಸ್ಥೆ ಕೂಡಲೇ ಆಪ್ತವಾಯಿತು.

"ಸಾರ್, ವಾಪಸ್ ಬರೋ ಪೈಪಿನ ಬಾಯಿ ಇಷ್ಟು ಆಳಕ್ಕೆ ಬೇಡ. ಕರೆಂಟ್ ಹೋದ್ರೆ ನೀರೆಲ್ಲ ಕೆಳಗಿಳಿಯುತ್ತೆ" ಎಂದ.

"ಪಂಪು ನಿಂತ್ರೆ ನೀರೂ ನಿಲ್ಲುತ್ತೆ ಕಣಯ್ಯ. ನೀನು ಪೈಪ್ ಹಾಕು" ಎಂದೆ.

ಹಾಕಿದ. ತೊಟ್ಟಿ ತುಂಬಿತು. ಪರೀಕ್ಷೆಗೆಂದು ನಾನೇ ಗಂಭೀರವಾಗಿ ಸ್ವಿಚ್ ಆರಿಸಿದೆ. ಪಂಪು ನಿಂತಿತು, ನೀರು ನಿಲ್ಲಲಿಲ್ಲ. ಅದೇ ಪೈಪಿನಲ್ಲಿ ಹಿಂದಕ್ಕೆ ಇಳಿದು, ಕೆಳತೊಟ್ಟಿ ತುಂಬಿ, ನೆಲ ಸೇರಿ, ನನ್ನ ಪುಸ್ತಕದ ಬೀರುವಿನ ಕೆಳಗಿನ ಅಂಕಣಕ್ಕೆ ಪ್ರವೇಶ ಪಡೆಯಿತು. ಹಾಲಿಗೆ ನೀರು ಬೆರೆಸುವುದು ಅಪರಾಧವೆಂದು ಬಲ್ಲೆ, ಆದರೂ ಬೆರೆಸಿಬಿಟ್ಟೆ.

"ಸೈಫನ್ ಸಾರ್," ಎಂದ ಶಿಷ್ಯ, ಪ್ಯಾಂಟು ಮಡಚುತ್ತ. "ನೀವೇ ಪಾಠ ಮಾಡಿದ್ದು. ಆವತ್ತೊಂದು ದಿನ ನಾನು ಕ್ಲಾಸಿಗೆ ಬಂದಿದ್ದೆ."

ಅವನು ನೀರಿನ ಮಟ್ಟದಿಂದ ಒಂದು ಬೆರಳು ಕೆಳಗೆ, ಪೈಪಿನಲ್ಲಿ ಕಡಲೆ ಗಾತ್ರದ ತೂತು ಕೊರೆದ. ಮತ್ತೆ ಸ್ವಿಚ್ ಆರಿಸಿದೆವು. ನೀರು ಒಂದು ಬೆರಳು ಇಳಿಯುವಷ್ಟರಲ್ಲಿ ತೂತಿನಿಂದ ಗಾಳಿ ಹೊಕ್ಕು, ಗೊರ್ ಎಂದು ಹರಿವು ತುಂಡಾಯಿತು. ನನ್ನ ಮೂವತ್ತು ವರ್ಷದ ವಿದ್ಯೆಯ ನೀರಿಳಿಸಲು ಅಷ್ಟು ಸಣ್ಣ ತೂತು ಸಾಕಾಯಿತು. ಅವನಿಗೆ ಅಲ್ಲೇ ನೂರಕ್ಕೆ ನೂರು ಅಂಕ ಕೊಟ್ಟೆ. ತಡವಾಯಿತು ಸಾರ್ ಎಂದ.

ಆದರೆ ಪುಟ್ಟಿ, ನೀನು ನೋಡಬೇಕಾಗಿದ್ದದ್ದು ನಿನ್ನಮ್ಮನನ್ನು. ಮೂವತ್ತಾರು ವರ್ಷ ಸಂಸಾರ ಮಾಡಿಯೂ ನಾನು ಅವಳನ್ನು ಕೆಲಸದಲ್ಲಿ ನೋಡಿರಲಿಲ್ಲ. ಥಿಯೇಟರಿನ ಬಾಗಿಲಾಚೆಗೆ ಗಂಡಂದಿರಿಗೆ ಪ್ರವೇಶವೆಲ್ಲಿ? ಈಗ ಥಿಯೇಟರೇ ಮನೆಗೆ ಬಂದಿದೆ. ನಾನು ಮೊದಲ ಸಾಲಿನ ಪ್ರೇಕ್ಷಕ.

ನೀರು ಬಿಸಿ ಮಾಡುವ ಹೀಟರನ್ನು ಅಂಗಡಿಯವನು ತೊಟ್ಟಿಯೊಳಗೇ ಇಡಿ ಎಂದ. ಅವಳು ಒಪ್ಪಲಿಲ್ಲ. "ಆಪರೇಷನ್ ಆಗಿ ಮತ್ತಿನಲ್ಲಿ ಮಲಗಿರೋ ರೋಗಿಗೆ ಬಿಸಿ ನೀರಿನ ಚೀಲ ತಾಗಿದ್ರೂ ಗೊತ್ತಾಗಲ್ಲ, ಚರ್ಮ ಸುಟ್ಟಿರುತ್ತೆ. ಇದೂ ಬೆಚ್ಚಗಿದೆ ಅಂತ ಅದರ ಮೇಲೇ ಮಲಗುತ್ತೆ ನೋಡಿ" ಎಂದು ಹೀಟರನ್ನು ಕೆಳತೊಟ್ಟಿಗೆ ಸ್ಥಳಾಂತರಿಸಿದಳು. ಎಕ್ಸ್-ರೇ ಮಾವ ಕೇಳಿ ದಂಗಾದ. ಅವನ ಮೊದಲ ಮೀನು ಸತ್ತದ್ದು ಹಾಗೆಯೇ ಅಂತೆ. ಮೀನನ್ನು ತರುವಾಗ ಬಾಲದ ಮುಳ್ಳಿಗೆ ಡ್ರಿಪ್ ನಳಿಕೆಯ ತುಂಡೊಂದನ್ನು ಟೋಪಿಯಂತೆ ತೊಡಿಸಿದವಳೂ ಅವಳೇ, ಮೀನಿಗೂ ನೋವಿಲ್ಲ, ನಮಗೂ ಇಲ್ಲ. ತೊಟ್ಟಿಯ ಕಾಲಬದಿಗೆ ರಟ್ಟಿನ ಹಲಗೆ ನೇತುಹಾಕಿ ದಿನಕ್ಕೆ ನಾಲ್ಕು ಹೊತ್ತು ನೀರಿನ ಉಷ್ಣಾಂಶ, ಆಮ್ಲ, ಅಮೋನಿಯ ಬರೆಯುತ್ತಾಳೆ. ನೀರಿಗೆ ಕೈ ಹಾಕುವ ಮೊದಲು ಮೊಣಕೈವರೆಗೆ ಮೂರು ನಿಮಿಷ ತೊಳೆಯುತ್ತಾಳೆ. ಸೋಪು ಮೀನಿಗೆ ವಿಷ, ಹಾಗಾಗಿ ಬರೀ ನೀರಿನಲ್ಲಿ. ಆಮೇಲೆ ಕೈಗಳನ್ನು ಎದೆಯ ಮಟ್ಟಕ್ಕೆತ್ತಿ, ಬಾಗಿಲನ್ನು ಬೆನ್ನಿನಿಂದ ತಳ್ಳಿಕೊಂಡು ಬರುತ್ತಾಳೆ. ಬಂದು ಸಿಗಡಿಯ ಚೂರನ್ನು ಎರಡು ಬೆರಳಿನಲ್ಲಿ ತಳಕ್ಕೆ ಹಿಡಿದರೆ, ತಟ್ಟೆ ತೇಲಿ ಬಂದು ಅವಳ ಕೈಯನ್ನು ಪೂರ್ತಿ ಹೊದ್ದುಕೊಳ್ಳುತ್ತದೆ. ನಾನು ಹಿಡಿದರೆ ಮರಳಿನಲ್ಲಿ ಹೂತುಕೊಳ್ಳುತ್ತದೆ. ಕೈಗುಣ ಎನ್ನುತ್ತಾರಲ್ಲ, ಅದು.

ಅವಳು ಒಂದೇ ಒಂದು ಸಲ ಮುಖ ಸಿಂಡರಿಸಿದ್ದು ತೊಟ್ಟಿ ತುಂಬಿದ ಮೊದಲ ವಾರ. ಎಕ್ಸ್-ರೇ ಮಾವ ಬಕೆಟ್ಟಿನಲ್ಲಿ ಅವನ ಹಳೇ ತೊಟ್ಟಿಯ ಸ್ಪಂಜು ತಂದಿದ್ದ. ಕಂದು ಬಣ್ಣ, ಲೋಳೆ, ಹಳೇ ಬಾವಿಯ ವಾಸನೆ.

"ಅದನ್ನ ಹೊಸಲು ದಾಟಿಸಬೇಡಿ" ಎಂದಳು ನಿನ್ನಮ್ಮ.

"ಸಿಸ್ಟರ್, ಇದು ಕೊಳಕಲ್ಲ. ಕಣ್ಣಿಗೆ ಕಾಣದ ಡಾಕ್ಟರುಗಳು ಇದರಲ್ಲಿ ಕೋಟಿ ಜನ ಇದಾರೆ. ಮೀನಿನ ಹೊಲಸಿಂದ ಅಮೋನಿಯ ಆಗುತ್ತೆ, ಅದು ವಿಷ. ಇವರು ಅದನ್ನ ತಿಂದು ಹಾಕ್ತಾರೆ. ಇವರು ನಿಮ್ಮ ಹೊಸ ಸ್ಪಂಜಲ್ಲಿ, ಉಂಗುರದಲ್ಲಿ ಮನೆ ಮಾಡೋಕೆ ಆರು ವಾರ ಬೇಕು. ಆಮೇಲೇ ಮೀನು. ಸ್ಪಂಜು ತೀರಾ ಕಟ್ಟಿಕೊಂಡ್ರೆ ತೊಟ್ಟಿ ನೀರಲ್ಲೇ ಮೆಲ್ಲಗೆ ಒಮ್ಮೆ ಹಿಂಡಿ."

ಆರು ವಾರ ಕಾದೆವು. ಖಾಲಿ ತೊಟ್ಟಿಯಲ್ಲಿ ನೀರು ಸುತ್ತುವುದನ್ನು ನೋಡುತ್ತ ಕೂತಿದ್ದ ನಮ್ಮನ್ನು ಕಂಡು ಪಕ್ಕದ ಮನೆಯಾಕೆ, "ಮೀನು ಎಲ್ಲಿ?" ಎಂದರೆ, "ಇನ್ನೂ ಡಾಕ್ಟರು ಸೇರ್ತಾ ಇದಾರೆ" ಎಂದು ನಿನ್ನಮ್ಮ ಗಂಭೀರವಾಗಿ ಉತ್ತರಿಸುತ್ತಿದ್ದಳು.

ಮೀನು ಬಂದು ಇಂದಿಗೆ ಇಪ್ಪತ್ತಮೂರು ದಿನ. ಮೊನ್ನೆ ಶುಕ್ರವಾರ ಎಕ್ಸ್-ರೇ ಮಾವ ತಪಾಸಣೆಗೆ ಬರುತ್ತೇನೆಂದ. ತಪಾಸಣೆ ಎಂಬ ಪದ ಕಿವಿಗೆ ಬಿದ್ದದ್ದೇ ನಿನ್ನಮ್ಮನ ಮೂವತ್ತೈದು ವರ್ಷದ ಸರ್ವೀಸು ಎದ್ದು ಕೂತಿತು. ಸ್ಪಂಜು, ಉಂಗುರ, ಪೈಪು, ಒಂದನ್ನೂ ಬಿಡದೆ ಬಿಚ್ಚಿ ದೊಡ್ಡ ಪಾತ್ರೆಯಲ್ಲಿ ಗಡಿಯಾರ ನೋಡಿಕೊಂಡು ಅರ್ಧ ಗಂಟೆ ಕುದಿಸಿದಳು. ಬಿಳೀ ಬಟ್ಟೆಯ ಮೇಲೆ ಬಿಸಿಲಿಗೆ ಹರವಿದಳು. ಪಾತ್ರೆಯನ್ನು ಒಲೆಯಿಂದ ಇಳಿಸಿಕೊಟ್ಟ ಶ್ರೇಯಸ್ಸು ನನ್ನದು. ಮಾವ ಬರಲಿಲ್ಲ, ಮಂಡಿ ನೋವಂತೆ. ಇರಲಿ. ತೊಟ್ಟಿ ಈಗ ಹೇಗೆ ಹೊಳೆಯುತ್ತಿದೆ ಗೊತ್ತೇ? ನೀರು ಇದೆಯೋ ಇಲ್ಲವೋ ಎಂದು ಕೈ ಅದ್ದಿ ನೋಡಬೇಕು. ಅಂಥ ತಿಳಿ. ಉಂಗುರಗಳು ಮಲ್ಲಿಗೆಯ ಹಾಗೆ

ಇರು. ನಿನ್ನಮ್ಮ ಕರೆಯುತ್ತಿದ್ದಾಳೆ. "ರೀ, ಬೇಗ ಬನ್ನಿ. ಮುಚ್ಚಳದ ಅಂಚು ಮೇಲಕ್ಕೆ ಮಡಚ್ಕೊಂಡಿದೆ. ಊಟಾನೂ ಮಾಡ್ತಿಲ್ಲ."


ತಾರೀಖು ಇಪ್ಪತ್ತೊಂಬತ್ತು, ಶುಕ್ರವಾರ

ಪುಟ್ಟಿ, ಮೇಲಿನ ವಾಕ್ಯ ಹನ್ನೆರಡು ದಿನ ಅರ್ಧಕ್ಕೇ ನಿಂತಿತ್ತು. ಅದನ್ನು ಹಾಗೇ ಬಿಡುತ್ತೇನೆ. ಮುಗಿಸುವ ಮನಸ್ಸಿಲ್ಲ.

ಅಂದು ಹೋಗಿ ನೋಡಿದರೆ ಎರಡೂ ಮೀನಿನ ಅಂಚು ಒಣಗಿದ ಎಲೆಯ ಹಾಗೆ ಮೇಲಕ್ಕೆ ಸುರುಳಿಯಾಗಿತ್ತು. ಕಣ್ಣ ಹಿಂದಿನ ಉಸಿರಿನ ತೂತುಗಳು ಬಡಬಡ ಬಡಿಯುತ್ತಿದ್ದವು. ನಾನು ಗಾಜಿನ ನಳಿಕೆಗೆ ತೊಟ್ಟಿಯ ನೀರು ತೆಗೆದು ಅಮೋನಿಯದ ಹನಿ ಹಾಕಿದೆ. ಹಳದಿ ಉಳಿದರೆ ಕ್ಷೇಮ, ಹಸಿರಾದರೆ ಅಪಾಯ, ಸಿಗ್ನಲ್ ದೀಪಕ್ಕೆ ತದ್ವಿರುದ್ಧ. ನೋಡುತ್ತಿದ್ದಂತೆ ಪಾಚಿಯ ಹಸಿರು. ಆ ಬಣ್ಣ ಕಂಡ ಮೇಲೆ ನನ್ನ ತಲೆಗೆ ಹೊಳೆಯಿತು. ಕುದಿಯುವ ನೀರಿನಲ್ಲಿ ಕೋಟಿ ಡಾಕ್ಟರುಗಳನ್ನು ಅರ್ಧ ಗಂಟೆ ಬೇಯಿಸಿದ್ದೆವು. ರಸಾಯನಶಾಸ್ತ್ರದ ಮೇಷ್ಟ್ರು ಪಕ್ಕದಲ್ಲಿ ನಿಂತು ಪಾತ್ರೆ ಇಳಿಸಿಕೊಟ್ಟಿದ್ದ.

ನಾನು ಹೇಳಬೇಕಾಗಲಿಲ್ಲ. ನಳಿಕೆಯ ಬಣ್ಣ ನೋಡಿದಳು, ಬೆಳ್ಳಗಿದ್ದ ಉಂಗುರಗಳನ್ನು ನೋಡಿದಳು. "ಕುದಿಸಿಬಿಟ್ಟೆ" ಎಂದಳು. ಅಷ್ಟೇ. ನಾನಾಗಿದ್ದರೆ ಒಂದು ಗಂಟೆ ತಲೆ ಚಚ್ಚಿಕೊಳ್ಳುತ್ತಿದ್ದೆ. ಅವಳು ಸೆರಗು ಸಿಕ್ಕಿಸಿ, "ಅರ್ಧ ನೀರು ಹೊರಗೆ ತೆಗೀರಿ. ಡ್ರಮ್ಮಲ್ಲಿ ಕ್ಲೋರಿನ್ ಹೋಗಿರೋ ನೀರಿದೆ, ಅದನ್ನ ಬಿಸಿ ಮಾಡಿ ಅದೇ ಉಷ್ಣಕ್ಕೆ ತಂದು ಹಾಕಿ. ಊಟ ಬಂದ್. ನಾನು ಎಕ್ಸ್-ರೇಗೆ ಫೋನ್ ಮಾಡ್ತೀನಿ" ಎಂದಳು. ನನಗಾಗ ಅರ್ಥವಾಯಿತು, ಆ ಸರ್ಜನ್ನುಗಳೆಲ್ಲ ಇವಳಿಲ್ಲದ ದಿನ ಆಪರೇಷನ್ ಮುಂದಕ್ಕೆ ಹಾಕುತ್ತಿದ್ದುದು ಏಕೆಂದು.

ಎಕ್ಸ್-ರೇ ಮಾವ ಫೋನಿನಲ್ಲೇ ತಲೆ ಮೇಲೆ ಕೈ ಹೊತ್ತ. "ಅಯ್ಯೋ ಸಿಸ್ಟರ್, ಹಿಂಡಿ ಅಂದೆ, ಕುದಿಸಬೇಡಿ ಅಂತ ಯಾರಿಗಾದ್ರೂ ಹೇಳಬೇಕಾಗುತ್ತೆ ಅಂತ ನನಗೆ ಹೊಳೀಲೇ ಇಲ್ಲ! ನೀರು ಬದಲಾಯಿಸ್ತಾ ಇರಿ, ಆದ್ರೆ ಅದರಿಂದ ದಿನ ತಳ್ಳಬಹುದು ಅಷ್ಟೇ. ಹಳೇ ಸ್ಪಂಜು ಬೇಕು. ನನ್ನದು ತೊಟ್ಟಿ ಮಾರಿದ ಮೇಲೆ ಒಣಗಿಹೋಯ್ತು. ಇರಿ... ಬಸ್ ನಿಲ್ದಾಣದ ಹತ್ರ ಕಟಿಂಗ್ ಶಾಪ್ ಇದೆಯಲ್ಲ, ಆ ಯಜಮಾನನಿಗೆ ಒಂದು ಗೋಲ್ಡ್ ಫಿಶ್ ತೊಟ್ಟಿ ಮಾಡಿಕೊಟ್ಟಿದ್ದೆ. ನಾಲ್ಕು ವರ್ಷದಿಂದ ಆ ಸೋಮಾರಿ ಫಿಲ್ಟರ್ ಮುಟ್ಟಿಲ್ಲ. ಬೇಕಾದ್ರೆ ಬರೆದು ಕೊಡ್ತೀನಿ."

ಪರರ ಸೋಮಾರಿತನ ಸಂಜೀವಿನಿಯಾಗುವ ಗಳಿಗೆ ಜೀವನದಲ್ಲಿ ಒಮ್ಮೆ ಬರುತ್ತದೆ. ನಾವಿಬ್ಬರೂ ಮುಚ್ಚಳವಿರುವ ಸ್ಟೀಲ್ ಡಬ್ಬಿ ಹಿಡಿದು ಓಡಿದೆವು. ಭಾನುವಾರ, ಅಂಗಡಿ ತುಂಬ ಜನ. ಅರ್ಧ ಮುಖ ನೊರೆ ಹಚ್ಚಿಸಿಕೊಂಡಿದ್ದ ಒಬ್ಬ ಕನ್ನಡಿಯಲ್ಲೇ ನಮ್ಮನ್ನು ನೋಡಿದ. ಮೂಲೆಯಲ್ಲಿ ತೊಟ್ಟಿ ಹಸಿರು ಬಾಟಲಿಯಂತೆ ನಿಂತಿತ್ತು. ಒಳಗೆಲ್ಲೋ ಎರಡು ಕೆಂಪು ಮೀನು ತಮ್ಮ ಪಾಡಿಗೆ ಸುಖವಾಗಿದ್ದವು.

ನಿನ್ನಮ್ಮ ನೇರವಾಗಿ ಯಜಮಾನನ ಮುಂದೆ ಹೋಗಿ ಡಬ್ಬಿ ಚಾಚಿದಳು. "ನಿಮ್ಮ ಫಿಲ್ಟರಿನ ಕೊಳಕು ಸ್ವಲ್ಪ ಕೊಡ್ತೀರಾ?"

ಅವನ ಕತ್ತರಿ ಗಾಳಿಯಲ್ಲೇ ನಿಂತಿತು. "ಅಮ್ಮಾ, ತಮಾಷೆ ಮಾಡಬೇಡಿ. ತೊಳೀಬೇಕು ತೊಳೀಬೇಕು ಅಂತಾನೇ ಇದ್ದೆ. ನನಗೇ ನಾಚಿಕೆ ಆಗ್ತಿದೆ."

"ತೊಳೆದಿಲ್ಲವಲ್ಲ, ನಿಮಗೆ ಪುಣ್ಯ ಬರಲಿ" ಎಂದಳು.

ಮೂವತ್ತೈದು ವರ್ಷ ಎಷ್ಟು ಜನರ ಉಗುರು ನೋಡಿ ಥಿಯೇಟರಿನಿಂದ ಹೊರಗಟ್ಟಿದ ಹೆಂಗಸು, ಪುಟ್ಟಿ! ಯಜಮಾನ ಕಡ್ಡಿಯಲ್ಲಿ ಎತ್ತಲು ಹೋದರೆ, "ಕಡ್ಡಿ ಬೇಡ, ಹರಿಯುತ್ತೆ" ಎಂದು ತಾನೇ ಬರಿಗೈ ಹಾಕಿ ಆ ಸ್ಪಂಜನ್ನು ಎತ್ತಿಕೊಂಡಳು. ಮೊಣಕೈವರೆಗೆ ಕಪ್ಪು ಲೋಳೆ ಇಳಿಯಿತು. ಡಬ್ಬಿಗೆ ಆ ತೊಟ್ಟಿಯದೇ ನೀರು ತುಂಬಿ, ಆಟೋದಲ್ಲಿ ಎದೆಗವಚಿಕೊಂಡು ಕೂತಳು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ನಾನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ. ಕೈ ಅಷ್ಟು ಕೆಸರಾದದ್ದನ್ನು ಮೊದಲ ಸಲ ನೋಡಿದೆ. ಮನೆಗೆ ಬಂದು ಅದನ್ನು ಕೆಳತೊಟ್ಟಿಯಲ್ಲಿ ಹಿಂಡಿದಳು. ತಿಳಿನೀರೆಲ್ಲ ಚಹಾದ ಬಣ್ಣಕ್ಕೆ ತಿರುಗಿತು. ಆ ಸುಂದರ ಬಿಳೀ ಉಂಗುರಗಳ ನಡುವೆ ಕಟಿಂಗ್ ಶಾಪಿನ ಸ್ಪಂಜನ್ನು ಒಂದು ಕಾಣಿಕೆಯಂತೆ ಇಟ್ಟಳು. ಹೊರಗೆ ಬಂದು ತನ್ನ ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಎಷ್ಟೋ ಹೊತ್ತು ತೊಳೆಯಲು ಹೋಗಲೇ ಇಲ್ಲ.

ಆಮೇಲೆ ದಿನಕ್ಕೆ ಎರಡು ಸಲ ನೀರು ಬದಲಾಯಿಸಿದೆವು. ನನ್ನ ಸೊಂಟ ಈಗ ಪ್ರಶ್ನಾರ್ಥಕ ಚಿಹ್ನೆಯಂತಿದೆ. ಶಿಷ್ಯ ಬಂದು ಡ್ರಮ್ಮಿನಿಂದ ತೊಟ್ಟಿಗೆ ಒಂದು ಪೈಪು ಎಳೆದುಕೊಟ್ಟ, ಇಲ್ಲದಿದ್ದರೆ ಉದ್ಗಾರ ಚಿಹ್ನೆಯಾಗಿ ನೆಟ್ಟಗೆ ಮಲಗಿಬಿಡುತ್ತಿದ್ದೆ. ಅವಳ ಹಲಗೆಯಲ್ಲಿ ಗಂಟೆಗೊಂದು ಸಾಲು.

ಐದನೆಯ ದಿನ, ಗುರುವಾರ ಬೆಳಿಗ್ಗೆ ಮುಚ್ಚಳ ಹೋಯಿತು. ತಟ್ಟೆಯ ಬೆನ್ನ ಮೇಲೇ, ಎಂದಿನಂತೆ ಮಲಗಿದ ಹಾಗೆ ಇತ್ತು. ನಾವು ನಿದ್ದೆ ಮಾಡುತ್ತಿದೆಯೆಂದೇ ಅಂದುಕೊಂಡೆವು. ನಿನ್ನಮ್ಮ ಎರಡು ಕೈಯಲ್ಲಿ ಅದನ್ನು ಎತ್ತಿ, ಬಾಲದ ಮುಳ್ಳಿಗೆ ಮತ್ತೆ ಆ ನಳಿಕೆಯ ಟೋಪಿ ತೊಡಿಸಿ, ಹಿತ್ತಲಿನಲ್ಲಿ ಮಣ್ಣು ಮಾಡಿದಳು. ಒಳಗೆ ಬಂದು ನನ್ನ ಪಕ್ಕ ನೆಲದ ಮೇಲೇ ಕೂತಳು. "ಮತ್ತೆ ನನ್ನ ಕೈಯಿಂದಲೇ" ಎಂದಳು.

ನನ್ನ ಬಾಯಲ್ಲಿ ಹಾಸ್ಯ ಬರಲಿಲ್ಲ. ಬಂದಿದ್ದರೂ ನುಂಗುತ್ತಿದ್ದೆ.

ಆದರೆ ತಟ್ಟೆ ಗಟ್ಟಿ ಪಿಂಡ. ಎಂಟನೆಯ ದಿನ ಅಂಚು ಸಡಿಲವಾಯಿತು. ಹತ್ತನೆಯ ದಿನ ಮರಳು ಕೆದರಿತು. ನಿನ್ನೆ ಬೆಳಿಗ್ಗೆ ನಾನು ಪೇಪರ್ ಓದುತ್ತಿದ್ದೆ. ಅವಳು ನಳಿಕೆ ಹಿಡಿದು ಕಿಟಕಿಯ ಬೆಳಕಿಗೆ ಹೋದಳು. "ರೀ," ಎಂದಳು, "ಹಳದಿ." ಅವಳ ಆ ಒಂದು ಪದ ಕೇಳಿ ನಾನು ಎದ್ದು ನಿಂತೆ, ನಿನಗೆ ರ‍್ಯಾಂಕ್ ಬಂದಾಗಲೂ ಹಾಗೆ ಎದ್ದಿರಲಿಲ್ಲ. ಅವಳು ಒಂದು ಎರೆಹುಳು ಹಿಡಿದು ಕೈ ಇಳಿಸಿದಳು. ನೀರು ಇನ್ನೂ ಸ್ವಲ್ಪ ಕದಡಿಯೇ ಇದೆ. ಆ ಕದಡಿನೊಳಗಿಂದ ತಟ್ಟೆ ಬಂದು ಅವಳ ಕೈಯನ್ನು ಹೊದ್ದುಕೊಂಡಿತು. ಗಾಜಿನ ಕೆಳಗಿನಿಂದ ನೋಡಿದರೆ ಅದರ ಹೊಟ್ಟೆಯಡಿಯ ಬಾಯಿ ನಗುವ ಮುಖದ ಹಾಗೆ ಕಾಣುತ್ತದೆ. ನಾನು ಈ ವಯಸ್ಸಿನಲ್ಲಿ ನೆಲಕ್ಕೆ ಕೆನ್ನೆ ಒತ್ತಿ ಮಲಗಿ ಆ ನಗು ನೋಡಿದೆ.

ನಾನು ಆಚೆ ತಿರುಗಿ ನೋಡಿದಾಗ ನಿನ್ನಮ್ಮ ಹೇಳಿದ್ದು ಇದು, ಒಂದಕ್ಷರ ಸೇರಿಸಿಲ್ಲ: "ತೀರಾ ಶುದ್ಧ ಮಾಡಿದ್ರೆ ಬದುಕೋ ವಸ್ತು ಬದುಕಲ್ಲ ಅಂತ ನನಗೆ ಹೇಳೋಕೆ ಒಂದು ಮೀನು ಸಾಯಬೇಕಾಯ್ತು ನೋಡಿ. ಪುಟ್ಟಿ ಹೇಳಿದಾಗ ಕೇಳಲಿಲ್ಲ." ಆಮೇಲೆ ಕೈ ಒರೆಸಿಕೊಳ್ಳುತ್ತ, "ಕಾಗದ ಬರೀತಿದ್ರಲ್ಲ, ಮಗೂನ ಕರ್ಕೊಂಡು ಬಾ ಅಂತ ಬರೀರಿ. ಅಳಿಯಂದಿರೂ ಬರಲಿ. ಕೈ ತೊಳೆಯೋದೇನೂ ಬೇಡ ಅಂತ ಬರೀರಿ" ಎಂದಳು.

ನಾನು ಪೆನ್ನಿನ ಕ್ಯಾಪ್ ತೆಗೆಯುವಷ್ಟರಲ್ಲಿ ಅಡುಗೆಮನೆಯಿಂದ ಕೂಗು: "ಒಂದು ಸಲ ತೊಳೆದ್ರೆ ಸಾಕು ಅಂತ ಬರೀರಿ."

ಮೂರರಿಂದ ಒಂದಕ್ಕೆ ಇಳಿದಿದ್ದಾಳೆ. ಇಂಥ ರಿಯಾಯಿತಿ ಈ ಮನೆಯ ಚರಿತ್ರೆಯಲ್ಲಿ ಇಲ್ಲ. ಕೂಡಲೇ ಲಾಭ ಪಡೆದುಕೊಳ್ಳಿ.

ನೀನು ಬಂದರೆ ಮಗುವನ್ನು ತೊಟ್ಟಿಯ ಮುಂದೆ ಚಾಪೆ ಹಾಸಿ ಕೂರಿಸಬಹುದು. ತೆವಳುವುದಕ್ಕೆ ಶುರು ಮಾಡಿದ್ದಾಳಂತಲ್ಲ, ತಟ್ಟೆಯೂ ತೆವಳುವವಳೇ, ಇಬ್ಬರಿಗೂ ಸರಿಹೋಗುತ್ತದೆ. ಗಾಜಿನ ಮೇಲೆ ಅಂಗೈ ಗುರುತು ಬಿದ್ದರೆ ಒರೆಸುವುದಿಲ್ಲ ಎಂದು ನಿನ್ನಮ್ಮನ ಪರವಾಗಿ ನಾನು ಮಾತು ಕೊಡುತ್ತೇನೆ. ಒರೆಸಲು ಬಟ್ಟೆ ತೆಗೆದುಕೊಂಡರೆ ಬಟ್ಟೆ ಬಚ್ಚಿಡುತ್ತೇನೆ. ಬರುವ ದಿನ ತಿಳಿಸು. ಸ್ಟೇಷನ್ನಿಗೆ ನಾನು ಬರುತ್ತೇನೆ, ಶಿಷ್ಯನ ಗಾಡಿಯಲ್ಲಿ. ಪೈಪುಗಳ ನಡುವೆ ಸ್ವಲ್ಪ ಸರಿದು ಕೂರಬೇಕಾದೀತು.

ಅಳಿಯಂದಿರಿಗೆ ನನ್ನ ನೆನಪು ಹೇಳು. ಅಂದು ಅವರು ನಕ್ಕ ಋಣವನ್ನು ನಾನು ಮರೆತಿಲ್ಲ. ಮೊಮ್ಮಗಳ ಎರಡು ಅಂಗೈಗೂ ಒಂದೊಂದು ಮುತ್ತು. ನಿನ್ನ ಮನೆಯ ನೀರು ಎಂದೂ ನಿಲ್ಲದಿರಲಿ, ತೀರಾ ತಿಳಿಯೂ ಆಗದಿರಲಿ ಎಂದು ಹರಸುವ,

ನಿನ್ನ ಒಂಟಿ ಕುರ್ಚಿಯ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು. ಇದನ್ನು ನಿನ್ನಮ್ಮನಿಗೆ ತೋರಿಸುವುದಿಲ್ಲ.

ನಿನಗಿಂತ ಮೂರು ವರ್ಷ ಮೊದಲು ನಮಗೊಂದು ಗಂಡು ಮಗು ಹುಟ್ಟಿತ್ತು. ನಿನ್ನಮ್ಮ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ. ಹೆರಿಗೆಯ ಹಿಂದಿನ ದಿನದವರೆಗೂ ಅವಳು ವಾರ್ಡಿನಲ್ಲಿ ದುಡಿದಿದ್ದಳು. ಆ ತಿಂಗಳು ಎಳೆ ಮಕ್ಕಳ ಕೋಣೆಗೆ ಒಂದು ಸೋಂಕು ಬಂತು. ಎಲ್ಲಿಂದ ಬಂತೆಂದು ಯಾರಿಗೂ ತಿಳಿಯಲಿಲ್ಲ. ನಾಲ್ಕು ಮಕ್ಕಳಿಗೆ ಜ್ವರ, ಮೂರು ಉಳಿದವು. ವಾರ್ಡಿನಿಂದ ತನ್ನ ಕೈಯಲ್ಲೇ ಬಂದಿರಬೇಕೆಂದು ಅವಳು ತೀರ್ಮಾನಿಸಿಬಿಟ್ಟಳು. ಹಾಗಲ್ಲ ಎಂದು ದೊಡ್ಡ ಡಾಕ್ಟರು ಹೇಳಿದರು, ನಾನು ಹೇಳಿದೆ. "ನನ್ನ ಕೈಯಿಂದಲೇ" ಎಂದು ಒಂದು ಸಲ ಅಂದು, ಆಮೇಲೆ ಆ ಮಾತು ಎತ್ತಲಿಲ್ಲ. ಮುಂದಿನ ತಿಂಗಳು ಥಿಯೇಟರಿಗೆ ವರ್ಗ ಕೇಳಿಕೊಂಡಳು. ಅಂದಿನಿಂದ ಅವಳ ಕೈ ನೀರಿನಲ್ಲೇ ಇದೆ. ನೀನು ಹುಟ್ಟಿದಾಗ, ಇದನ್ನು ನಿನಗೆ ಹೇಳಬಾರದೆಂದು ಮಾತು ತೆಗೆದುಕೊಂಡಿದ್ದಳು. ಮೂವತ್ತೆರಡು ವರ್ಷ ಉಳಿಸಿಕೊಂಡೆ, ಇಂದು ಮುರಿದಿದ್ದೇನೆ.

ಅವನು ಬದುಕಿದ್ದು ಒಂಬತ್ತು ದಿನ. ನೀನು ಸಿಟ್ಟಿನಲ್ಲಿ ಹೊರಟ ದಿನ ನಿನ್ನ ಮಗುವಿಗೆ ಒಂಬತ್ತು.

ಬಂದಾಗ ಇದೇನೂ ಗೊತ್ತಿಲ್ಲದವಳ ಹಾಗಿರು. ಸಮಾಧಾನದ ಮಾತು ಬೇಡ, ಅವಳಿಗೆ ಅದು ಬರುವುದೂ ಇಲ್ಲ, ಹಿಡಿಸುವುದೂ ಇಲ್ಲ. ಬಾಗಿಲು ತೆರೆದ ಕೂಡಲೇ ಮಗುವನ್ನು ಅವಳ ಕೈಗೆ ಕೊಡು. ಅವಳು ಕೈ ತೊಳೆದು ಬರುತ್ತೇನೆಂದು ಒಳಗೆ ತಿರುಗುವ ಮೊದಲೇ ಕೊಟ್ಟುಬಿಡು.